ಗಣಿತಕ್ಕೆ ಗಂಟೆ ಯಾಕೆ ಸ್ವಾಮಿ?

ಹೈಸ್ಕೂಲು ಮಕ್ಕಳಿಗೆ ಗಣಿತ ಸ್ಪರ್ಧೆ ಅಂತ ನಾನು ಕಂಡಿರೋದು ಎರಡೇ ಥರ. ಒಂದು, ಶಾಮಿಯಾನ ಹಾಕಿ, ಮೈಕು ಕಟ್ಟಿ, ಮುಖ್ಯ ಅತಿಥಿಗಳು ಬರೋವರೆಗೂ ಮಕ್ಕಳನ್ನ ಕಾಯಿಸಿ, ಆಮೇಲೆ ಹತ್ತು ಸೆಕೆಂಡಿಗೊಂದು ಪ್ರಶ್ನೆ ಎಸೆಯೋ ಕ್ವಿಜ್ಜು. ಪೈ ಬೆಲೆ ಎಷ್ಟು, ರಾಮಾನುಜನ್ ಹುಟ್ಟಿದ್ದು ಯಾವತ್ತು? ಮೊದಲು ಗಂಟೆ ಹೊಡೆದವನಿಗೆ ಶೀಲ್ಡು. ಇನ್ನೊಂದು, 'ಒಲಿಂಪಿಯಾಡ್' ಅಂತ ಹೆಸರಿಟ್ಟುಕೊಂಡು, ತಲೆಗಿಷ್ಟು ಫೀಸು ಕಟ್ಟಿಸಿಕೊಂಡು, ಎ-ಬಿ-ಸಿ-ಡಿಗೆ ಗುರುತು ಹಾಕಿಸಿ, ಬಂದವರಿಗೆಲ್ಲ ಸರ್ಟಿಫಿಕೇಟು ಹಂಚೋ ವ್ಯಾಪಾರ. ಎರಡರಲ್ಲೂ ಸೋಲೋದು ಒಂದೇ ಥರದ ಮಗು. ನಿಧಾನವಾಗಿ ಯೋಚಿಸೋ ಮಗು. ಗಣಿತಕ್ಕೆ ಬೇಕಾಗಿರೋದೂ ಅದೇ ಮಗು!

ನಿಧಾನ ಅಂದ್ರೆ ಏನು ಅಂತ ನಮ್ಮ ಸಂಪಿಗೆ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೇಳಿಕೊಡಬೇಕಾ? ಕಾಯಿ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾದರೇನೇ ಉಂಡೆ ಕೊಬ್ಬರಿ. ವಾರಕ್ಕೊಂದು ಸಲ ಒಡೆದು ನೋಡ್ತೀನಿ ಅನ್ನೋನಿಗೆ ಕೊಬ್ಬರಿ ಸಿಗಲ್ಲ. ಕಾಯಿಗೆ ಕೊಡೋ ಟೈಮನ್ನ ಮಕ್ಕಳ ತಲೆಗೆ ಕೊಡಕ್ಕೆ ಮಾತ್ರ ನಮಗೆ ಪುರುಸೊತ್ತಿಲ್ಲ.

ಪ್ರಪಂಚದ ದೊಡ್ಡ ಗಣಿತ ಸ್ಪರ್ಧೆಗಳಲ್ಲಿ ಗಂಟೆಯೂ ಇಲ್ಲ, ಬಝರೂ ಇಲ್ಲ. 1894ರಲ್ಲಿ ಹಂಗೇರಿಯಲ್ಲಿ ಶುರುವಾದ ಅಯೋಟ್ವೋಶ್ ಸ್ಪರ್ಧೆಯಲ್ಲಿ ಇದ್ದದ್ದು ಬರೀ ಮೂರು ಲೆಕ್ಕ. ಅದೇ ವರ್ಷ ಅಲ್ಲಿನ ಒಬ್ಬ ಸ್ಕೂಲ್ ಮೇಷ್ಟ್ರು, ಡೇನಿಯಲ್ ಅರಾನಿ, ಮಕ್ಕಳಿಗೇ ಅಂತ ಗಣಿತದ ಮಾಸಪತ್ರಿಕೆ ಶುರು ಮಾಡಿದರು. ಪತ್ರಿಕೆಯಲ್ಲಿ ಲೆಕ್ಕ ಬರೋದು, ಮಕ್ಕಳು ಉತ್ತರ ಬರೆದು ಕಳಿಸೋರು. ಆ ಸಣ್ಣ ದೇಶದಿಂದ ಎಂಥೆಂಥಾ ಗಣಿತಜ್ಞರು, ವಿಜ್ಞಾನಿಗಳು ಬಂದರು ನೋಡಿ. ಇನ್ನು 1959ರಲ್ಲಿ ಶುರುವಾಗಿ 1989ರಿಂದ ಭಾರತವೂ ಹೋಗ್ತಿರೋ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಇರೋದು ಆರು ಲೆಕ್ಕ, ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ. ಅಂದ್ರೆ ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ! ನಾವು ಹತ್ತು ಸೆಕೆಂಡು ಕೊಟ್ಟು 'ನಮ್ಮ ಮಕ್ಕಳಿಗೆ ಮ್ಯಾಥ್ಸು ಹತ್ತಲ್ಲ ಕಣ್ರೀ' ಅಂತೀವಿ.

'ಅದೆಲ್ಲ ಸಿಟಿ ಮಕ್ಕಳಿಗೆ, ಎಸೆಸೆಲ್ಸಿ ಪಾಸಾದ್ರೆ ಸಾಕು ನಮ್ಮ ಹುಡುಗರಿಗೆ' ಅನ್ನೋ ಮೇಷ್ಟ್ರುಗಳಿಗೆ ಒಂದು ಲೆಕ್ಕ ಕೊಡ್ತೀನಿ. ಮೂವರು ಪಾಲುದಾರರು ಕಾಯಿ ಕೆಡವಿ ರಾಶಿ ಹಾಕಿ ತೋಟದಲ್ಲೇ ಮಲಗಿದರು. ರಾತ್ರಿ ಒಬ್ಬ ಎದ್ದ. ಮೂರು ಸಮಪಾಲು ಮಾಡಿದ, ಒಂದು ಕಾಯಿ ಮಿಕ್ಕಿತು, ಅದನ್ನ ಕೋತಿಗೆ ಎಸೆದ. ತನ್ನ ಪಾಲು ಬಚ್ಚಿಟ್ಟು, ಉಳಿದದ್ದು ರಾಶಿ ಮಾಡಿ ಮಲಗಿದ. ಎರಡನೆಯವನೂ ಎದ್ದು ಹಾಗೇ ಮಾಡಿದ, ಮೂರನೆಯವನೂ ಹಾಗೇ. ಬೆಳಿಗ್ಗೆ ಉಳಿದಿದ್ದ ರಾಶಿ ಸರಿಯಾಗಿ ಮೂರು ಪಾಲಾಯಿತು. ಮೊದಲು ಕಡಿಮೆ ಅಂದ್ರೆ ಎಷ್ಟು ಕಾಯಿ ಇತ್ತು?

ಇದರ ಐದು ಜನರ ರೂಪ 1926ರಲ್ಲಿ ಅಮೆರಿಕದ ಒಂದು ವಾರಪತ್ರಿಕೆಯ ಕಥೆಯಲ್ಲಿ ಬಂತು. ಕಥೆಯಲ್ಲಿ ಉತ್ತರ ಹೇಳಿರಲಿಲ್ಲ. ಮೊದಲ ವಾರದಲ್ಲೇ ಪತ್ರಿಕೆಗೆ ಎರಡು ಸಾವಿರ ಕಾಗದ ಬಂದವಂತೆ. ಅದರ ಉತ್ತರ 3121. ನಮ್ಮ ಮೂವರದ್ದು 25. ಒಬ್ಬ ಹುಡುಗ ಒಂದೊಂದೇ ಸಂಖ್ಯೆ ಹಾಕಿ ನೋಡಿ ಹಿಡೀತಾನೆ. ಒಬ್ಬಳು ಬೆಳಿಗ್ಗೆಯಿಂದ ಹಿಂದಕ್ಕೆ ಲೆಕ್ಕ ಹಾಕ್ತಾಳೆ. ಇನ್ನೊಬ್ಬಳು ಪಕ್ಕದ ತೋಟದಿಂದ ಎರಡು ಕಾಯಿ ಸಾಲ ತಂದು 27 ಮಾಡ್ತಾಳೆ. ಆಗ ಪ್ರತಿಯೊಬ್ಬನೂ ತೆಗೆದದ್ದು, ಕೋತಿಗೆ ಎಸೆದದ್ದೂ ಸೇರಿ, ಸರಿಯಾಗಿ ಮೂರನೇ ಒಂದು ಭಾಗ: 9, 6, 4. ಕೊನೆಗೆ 8 ಉಳಿಯುತ್ತೆ, ಸಾಲದ ಎರಡು ವಾಪಸ್ ಕೊಟ್ಟರೆ 6. ಮೂರೂ ದಾರಿ ಸರಿ, ಮೂವರಿಗೂ ಮಾರ್ಕ್ಸು ಸಿಗಬೇಕು. ನಾಲ್ಕು ಆಯ್ಕೆಯ ಪತ್ರಿಕೆಯಲ್ಲಿ ಈ ಮೂರು ತಲೆಗಳ ವ್ಯತ್ಯಾಸ ಕಾಣಿಸೋದೇ ಇಲ್ಲ.

ಇನ್ನೊಂದು. ಗಿಡದಿಂದ ಗಿಡಕ್ಕೆ 30 ಅಡಿ ಬಿಟ್ಟು ತೆಂಗು ಇಡಬೇಕು. ಚೌಕವಾಗಿ ಇಟ್ಟರೆ ಎಕರೆಗೆ 48. ಅದೇ 30 ಅಡಿ ಬಿಟ್ಟು ತ್ರಿಕೋನವಾಗಿ ಇಟ್ಟರೆ? ಸಾಲಿನಿಂದ ಸಾಲಿಗೆ ಸುಮಾರು 26 ಅಡಿಯೇ ಸಾಕು, ಗಿಡ 55ರ ಹತ್ತಿರ ಹೋಗುತ್ತೆ. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಒಪ್ಪಿಸಿದ ಹುಡುಗನಿಗೆ ಅದರಿಂದ ಎಕರೆಗೆ ಏಳು ಗಿಡ ಜಾಸ್ತಿ ಬರುತ್ತೆ ಅಂತ ಯಾರಾದರೂ ಹೇಳಿದ್ದೀರಾ?

'ಕನ್ನಡದಲ್ಲಿ ಇಂಥ ಗಣಿತ ಎಲ್ಲಿದೆ?' ಅನ್ನೋರು ರಾಜಾದಿತ್ಯನ ಹೆಸರು ಕೇಳಿರಲಿ. 12ನೇ ಶತಮಾನದಲ್ಲೇ 'ವ್ಯವಹಾರ ಗಣಿತ'ವನ್ನ ಕನ್ನಡದಲ್ಲಿ ಬರೆದವನು. ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲೂ ಮಕ್ಕಳಿಗೆ ಅವರವರ ಭಾಷೆಗೆ ಅನುವಾದಿಸಿದ ಪ್ರಶ್ನೆಪತ್ರಿಕೆ ಕೊಡ್ತಾರೆ. ಭಾಷೆ ಪರೀಕ್ಷೆ ಮಾಡೋದು ಅಲ್ಲಿ ಉದ್ದೇಶ ಅಲ್ಲ.

ದುಡ್ಡಿನ ಸಬೂಬೂ ಬೇಡ. ಅಕ್ಷರ ಫೌಂಡೇಶನ್ನಿನವರು 4, 5, 6ನೇ ಕ್ಲಾಸಿನ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಗಣಿತ ಸ್ಪರ್ಧೆ ನಡೆಸಿ ತೋರಿಸಿದ್ದಾರೆ. ಊರಿನವರೇ ಮುಂದೆ ನಿಂತರೆ ಆಗುತ್ತೆ ಅಂತ ಗೊತ್ತಾಯ್ತಲ್ಲ. ಹೈಸ್ಕೂಲಿಗೆ ಬಂದ ಮೇಲೆ ಯಾಕೆ ಆಗಬಾರದು?

ಬೇಕಾಗಿರೋದು ಇಷ್ಟೇ: ಐದು ಲೆಕ್ಕ, ಮೂರು ಗಂಟೆ, ಕನ್ನಡದಲ್ಲಿ, ಫೀಸಿಲ್ಲದೆ. ಪಠ್ಯಪುಸ್ತಕ ತೆರೆದಿಟ್ಟುಕೊಳ್ಳಲಿ, ಇಂಥ ಲೆಕ್ಕಕ್ಕೆ ಅದರಲ್ಲಿ ಕಾಪಿ ಹೊಡೆಯೋಕೆ ಉತ್ತರ ಇರಲ್ಲ. ಅರ್ಧ ದಾರಿ ನಡೆದವರಿಗೆ ಅರ್ಧ ಮಾರ್ಕ್ಸು. ಮಧ್ಯಾಹ್ನ ಊಟ. ಊಟ ಆದಮೇಲೆ ಅದೇ ಮಕ್ಕಳು ಬೋರ್ಡ್ ಹತ್ತಿರ ಬಂದು 'ನಾನು ಹಿಂಗ್ ಮಾಡ್ದೆ' ಅಂತ ತೋರಿಸಲಿ. ನನ್ನ ಕೇಳಿದ್ರೆ ಸ್ಪರ್ಧೆಯ ಜೀವ ಇರೋದೇ ಅಲ್ಲಿ. ಉತ್ತರ ಪತ್ರಿಕೆ ತಿದ್ದಿ, ಎಲ್ಲಿ ತಪ್ಪಿತು ಅಂತ ಬರೆದು, ವಾಪಸ್ ಕೊಡಬೇಕು. ಶೀಲ್ಡಿನ ದುಡ್ಡಲ್ಲಿ ಪುಸ್ತಕ ತನ್ನಿ. ಭಾಷಣಕ್ಕೆ ಐದು ನಿಮಿಷ, ಬೇಕಿದ್ರೆ ಗಂಟೆಯನ್ನ ಅಲ್ಲಿ ಹೊಡೀರಿ.

ಕಷ್ಟ ಇರೋದು ಲೆಕ್ಕ ಮಾಡೋದ್ರಲ್ಲಿ, ತಿದ್ದೋದ್ರಲ್ಲಿ. ಅದಕ್ಕೆ ನಮ್ಮಂಥವರಿದ್ದೀವಲ್ಲ? ಈ ಸೀಮೆಯಿಂದ ಹೋಗಿ ಬೆಂಗಳೂರಲ್ಲಿ ಕೋಡ್ ಬರೆಯೋರು ಹಬ್ಬಕ್ಕೆ, ಜಾತ್ರೆಗೆ ಬಂದೇ ಬರ್ತೀವಿ. ನಮ್ಮ ಕೆಲಸದಲ್ಲಿ ಒಂದು ಬಗ್ ಹುಡುಕೋಕೆ ಮೂರು ದಿನ ಹಿಡಿದರೂ ಯಾರೂ ದಡ್ಡ ಅನ್ನಲ್ಲ, ಸಿಕ್ಕಿದರೆ ಶಹಬ್ಬಾಸ್ ಅಂತಾರೆ. ಆ ಮರ್ಯಾದೆಯನ್ನ ನಮ್ಮೂರಿನ ಒಂಬತ್ತನೇ ಕ್ಲಾಸಿನ ಹುಡುಗಿಗೂ ಒಂದು ದಿನ ಕೊಡೋಣ.

ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಈ ಸಲ ಫೋಟೋಗೆ ಹಾರ ಹಾಕಿ ಮನೆಗೆ ಹೋಗಬೇಡಿ. ಐದು ಲೆಕ್ಕ ಬರೆದು ಜೆರಾಕ್ಸ್ ಮಾಡಿಸಿ.