ಹಸಿರಾಗಿ ಉಳಿದ ಒಂದು ಮರ

ನಮ್ಮ ಊರು ಸಂಪಾಜೆ. ಘಾಟಿ ಹತ್ತಿದರೆ ಮಡಿಕೇರಿ, ಇಳಿದರೆ ಸುಳ್ಯ. ಇಲ್ಲಿ ಅಡಿಕೆ ತೋಟ ಇರುವವರಿಗೆ ಹಳದಿ ಎಲೆ ರೋಗ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಸೋಗೆ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ. ನಮ್ಮ ತೋಟದಲ್ಲೂ ಹಾಗೇ ಆಯಿತು. ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ ಅಪ್ಪ ಹೇಳಿದ್ದು ಇಷ್ಟೇ: ‘ಈ ತೋಟ ನಂಬಿ ಕೂರುವುದು ಬೇಡ. ಎಂಜಿನಿಯರಿಂಗ್ ಮಾಡು.’ ಮಾಡುತ್ತಿದ್ದೇನೆ. ಈಗ ಕಂಪ್ಯೂಟರ್ ಸೈನ್ಸ್, ಐದನೇ ಸೆಮಿಸ್ಟರ್.

ಕಳೆದ ರಜೆಯಲ್ಲಿ ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ. ಸುತ್ತ ಎಲ್ಲ ಮರ ಹಳದಿ, ನಡುವೆ ಒಂದು ಮಾತ್ರ ಹಚ್ಚ ಹಸಿರು. ‘ಇದಕ್ಕೆ ಎಂತ ಆಗ್ಲೇ ಇಲ್ಲ ನೋಡು’ ಎಂದರು. ‘ಯಾಕಪ್ಪಾ?’ ಎಂದೆ. ‘ಓದಿದ್ದು ನೀನಲ್ವಾ, ನೀನೇ ಹೇಳು’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಅದನ್ನು ಹರಡುವುದು ರಸ ಹೀರುವ ಒಂದು ಸಣ್ಣ ಕೀಟ. ಹಾಗಾದರೆ ಆ ಮರ ಉಳಿದದ್ದು ಹೇಗೆ? ರೋಗ ಹೊತ್ತ ಕೀಟ ಅದರ ಮೇಲೆ ಕೂರದೇ ಇರಬಹುದು. ಅಲ್ಲಿನ ಮಣ್ಣು, ನೀರು, ನೆರಳು ಬೇರೆ ಇರಬಹುದು. ಇಲ್ಲವೇ ರೋಗ ತಡೆಯುವ ಗುಣ ಆ ಮರಕ್ಕೆ ಹುಟ್ಟಿನಿಂದಲೇ ಬಂದಿರಬಹುದು. ಮೊದಲ ಎರಡನ್ನು ಹುಡುಕುವುದು ಇಕಾಲಜಿ, ಅಂದರೆ ಜೀವಿ ಮತ್ತು ಅದರ ಪರಿಸರದ ಸಂಬಂಧದ ಅಧ್ಯಯನ. ಮೂರನೆಯದು ಜೀವವಿಕಾಸದ ವಿಷಯ: ಒಂದೇ ಜಾತಿಯ ಜೀವಿಗಳಲ್ಲಿ ವ್ಯತ್ಯಾಸ ಇರುತ್ತದೆ, ಬದುಕಲು ನೆರವಾದ ಗುಣ ಮುಂದಿನ ಪೀಳಿಗೆಗೆ ದಾಟುತ್ತದೆ. ವಿಟ್ಲದ ಸಿಪಿಸಿಆರ್‌ಐ ವಿಜ್ಞಾನಿಗಳು ರೋಗ ಹೆಚ್ಚಿರುವ ತೋಟಗಳಲ್ಲಿ ಆರೋಗ್ಯವಾಗಿ ಉಳಿದ ಇಂಥ ಮರಗಳನ್ನೇ ಗುರುತಿಸಿ, ಅವುಗಳಿಂದ ರೋಗ ನಿರೋಧಕ ಸಸಿ ಬೆಳೆಸಲು ಪ್ರಯತ್ನಿಸುತ್ತಿದ್ದಾರೆ.

ಇಕಾಲಜಿ, ಜೀವವಿಕಾಸ ಎಂದರೆ ಕ್ಯಾಮೆರಾ ಹಿಡಿದು ಹಕ್ಕಿ ನೋಡುವ ಉಳ್ಳವರ ಹವ್ಯಾಸ ಎಂದೇ ನಾನು ತಿಳಿದಿದ್ದೆ. ನಿಜವಾಗಿ ಈ ವಿಷಯ ಹೆಚ್ಚು ಬೇಕಾಗಿರುವುದು ನಮ್ಮಂಥ ತೋಟದ ಮನೆಯ ಮಕ್ಕಳಿಗೆ. ಆದರೆ ನಮಗೆ ಯಾರೂ ಹೇಳುವುದಿಲ್ಲ. ಪಿಸಿಎಂಬಿ ಎಂದರೆ ಡಾಕ್ಟರ್ ಅಥವಾ ಎಂಜಿನಿಯರ್, ಮೂರನೇ ದಾರಿ ಇಲ್ಲ. ಪಿಯುಸಿ ಜೀವಶಾಸ್ತ್ರದಲ್ಲಿ ಇಕಾಲಜಿ ಇರುವುದು ಕೊನೆಯ ಘಟಕದಲ್ಲಿ. ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ. ನಾನಂತೂ ಅದನ್ನು ಬಹು ಆಯ್ಕೆ ಪ್ರಶ್ನೆಗಳಿಗಾಗಿಯಷ್ಟೇ ಓದಿದೆ.

ದಾರಿಗಳು ಇಲ್ಲವೆಂದಲ್ಲ. ನಮ್ಮ ಜಿಲ್ಲೆಯ ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ, ಸಿಇಟಿ ಬರೆದು ಬಿ.ಎಸ್ಸಿ. ಫಾರೆಸ್ಟ್ರಿ ಸೇರಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ, ಜೀವಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು. ಅಲ್ಲಿನ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದವರು ಮಾಧವ ಗಾಡ್ಗೀಳ್. ಐಸರ್ ಸಂಸ್ಥೆಗಳಿವೆ. ಊರ ಹತ್ತಿರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಓದಿ ಎಂ.ಎಸ್ಸಿ.ಗೆ ಹೋಗಬಹುದು.

‘ಅದು ಓದಿ ಕೆಲಸ ಎಲ್ಲಿ ಉಂಟು?’ ಎಂದು ಕೇಳುವವರ ಪ್ರಶ್ನೆ ಸುಳ್ಳಲ್ಲ. ಕ್ಯಾಂಪಸ್‌ಗೆ ಬಂದು ಕರೆದುಕೊಂಡು ಹೋಗುವ ಕಂಪನಿಗಳು ಇಲ್ಲಿಲ್ಲ. ಬರೀ ಪದವಿ ಸಾಲದು, ಸ್ನಾತಕೋತ್ತರ ಓದಬೇಕು. ಮೊದಲ ಕೆಲ ವರ್ಷ ಪ್ರಾಜೆಕ್ಟ್‌ಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯಬೇಕಾಗಬಹುದು. ಸಾಲ ಇರುವ ಮನೆಯವರು ಹೆದರುವುದು ಸಹಜ, ನಮ್ಮಪ್ಪ ಹೆದರಿದ್ದೂ ಅದಕ್ಕೇ. ಆದರೆ ಎಂಜಿನಿಯರಿಂಗ್ ಮುಗಿಸಿದವರೆಲ್ಲರಿಗೂ ಕೆಲಸ ಕಾದಿದೆಯೇ? ಎರಡೂ ಕಡೆ ಅನಿಶ್ಚಿತತೆ ಇದೆ. ಒಂದು ಕಡೆಯದ್ದನ್ನು ಮಾತ್ರ ನಮಗೆ ಮೊದಲೇ ಹೇಳಿ ಹೆದರಿಸುತ್ತಾರೆ.

ಬಿ.ಇ. ಸೇರಿದ ಮಾತ್ರಕ್ಕೆ ಬಾಗಿಲು ಮುಚ್ಚುವುದೂ ಇಲ್ಲ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ನಾಗರಹೊಳೆಯಲ್ಲಿ ಅವರು ಕ್ಯಾಮೆರಾ ಇಟ್ಟು, ಹುಲಿಯ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ, ಸಂಖ್ಯಾಶಾಸ್ತ್ರದಿಂದ ಒಟ್ಟು ಎಷ್ಟಿರಬಹುದೆಂದು ಲೆಕ್ಕ ಹಾಕಿದರು. ಗಣಿತ, ಕೋಡಿಂಗ್ ಬಲ್ಲವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ.

ನಾನು ಬಿ.ಇ. ಬಿಡುವುದಿಲ್ಲ. ಮುಗಿಸುತ್ತೇನೆ. ಆಮೇಲೆ ಈ ಕಡೆಗೆ ಪ್ರವೇಶ ಪರೀಕ್ಷೆ ಬರೆಯುವ ಆಸೆ ಇದೆ, ಅಪ್ಪನಿಗೆ ಇನ್ನೂ ಹೇಳಿಲ್ಲ. ಆದರೆ ಈಗ ಪಿಯುಸಿಯಲ್ಲಿರುವ ತಮ್ಮ ತಂಗಿಯರಿಗೆ ಒಂದು ಮಾತು. ಆಪ್ಷನ್ ಎಂಟ್ರಿ ಮಾಡುವ ಮೊದಲು ಪುಸ್ತಕದ ಆ ಕೊನೆಯ ಘಟಕವನ್ನು ಒಮ್ಮೆ ನಿಮ್ಮ ತೋಟದಲ್ಲೋ ಗದ್ದೆಯಲ್ಲೋ ಕೂತು ಓದಿ. ಬೇಡ ಅನ್ನಿಸಿದರೆ ಬಿಡಿ. ಆದರೆ ಹೀಗೊಂದು ವಿಷಯ ಇದೆ ಎಂದು ಗೊತ್ತಿಲ್ಲದೇ ಬಿಡಬೇಡಿ, ನಾನು ಬಿಟ್ಟದ್ದು ಹಾಗೆ.