ಹಳೆಯ ಬಂಡಿಗೆ ಹೊಸ ಎಂಜಿನು

ಹಿರಿಯರು ಬಳಸಿ ಬಿಟ್ಟ ವಾಹನವೊಂದು ಮನೆಯಲ್ಲಿದ್ದರೆ ಅದರ ಗತಿ ಸಾಮಾನ್ಯವಾಗಿ ಎರಡರಲ್ಲೊಂದು. ಹಿತ್ತಲಿನ ಮರದ ಕೆಳಗೆ ಕೋಳಿಗಳಿಗೆ ಆಶ್ರಯವಾಗಿ ನಿಲ್ಲುವುದು, ಇಲ್ಲವೆ ಗುಜರಿಯವನ ತಕ್ಕಡಿಗೆ ಏರುವುದು. ಅಮೆರಿಕದ ಜನ ಇವೆರಡನ್ನೂ ಬಿಟ್ಟು ಮೂರನೆಯ ದಾರಿಯೊಂದನ್ನು ಹಿಡಿದಿದ್ದಾರೆ. ಅಜ್ಜನ ಕಾಲದ ಪಿಕಪ್ ಟ್ರಕ್ಕಿನ ಮೈಯನ್ನು ಹಾಗೆಯೇ ಉಳಿಸಿಕೊಂಡು ಅದರೊಳಗೆ ಇಂದಿನ ಎಂಜಿನನ್ನು ಕೂರಿಸುವ ದಾರಿ ಅದು. ಜೀರ್ಣೋದ್ಧಾರ, ಮಾರ್ಪಾಟು ಎಂಬ ಎರಡು ಮಾತುಗಳನ್ನು ಬೆಸೆದು ಅವರು ಅದಕ್ಕೆ ರೆಸ್ಟೊಮಾಡ್ ಎಂದು ಹೆಸರಿಟ್ಟುಕೊಂಡಿದ್ದಾರೆ. ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಹಳೆಯ ಜೀಪುಗಳನ್ನು ಇಟ್ಟುಕೊಂಡವರಿಗೂ ಈ ಆಸೆ ಹೊಸದಲ್ಲ. ಆದುದರಿಂದ ಆ ಕೆಲಸ ಎಂತಹದು, ಅದರಲ್ಲಿ ಗಳಿಸುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ಈ ಸಲ ವಾಚಕರೊಡನೆ ಕುಳಿತು ವಿಚಾರಿಸಬೇಕೆಂದಿದ್ದೇವೆ.

ಷೆವ್ರೊಲೆ ಕಂಪನಿಯ ೩೧೦೦ ಎಂಬ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧ ಮುಗಿದು, ಕಾರ್ಖಾನೆಗಳು ಮತ್ತೆ ಜನಬಳಕೆಯ ವಾಹನಗಳ ಕಡೆಗೆ ತಿರುಗಿದ ಕಾಲದಲ್ಲಿ, ೧೯೪೭ರ ಬೇಸಿಗೆಯಲ್ಲಿ ಇದು ಮಾರುಕಟ್ಟೆಗೆ ಬಂದಿತು. ೧೯೫೫ರ ಆರಂಭದವರೆಗೂ ತಯಾರಾಯಿತು. ದುಂಡಗಿನ ಭುಜಗಳಂತಹ ಮಡ್‌ಗಾರ್ಡುಗಳು, ಮುಂದೆ ಅಡ್ಡಪಟ್ಟಿಗಳ ಜಾಲರಿ, ಹತ್ತುವುದಕ್ಕೆ ಪಕ್ಕದಲ್ಲಿ ಮೆಟ್ಟಿಲುಹಲಗೆ, ಹಿಂದೆ ಸರಕು ಹೇರಲು ತೊಟ್ಟಿ. ಆ ತೊಟ್ಟಿಯ ನೆಲಕ್ಕೆ ಮರದ ಹಲಗೆಗಳು, ಹಲಗೆ ಹಲಗೆಯ ನಡುವೆ ಉಕ್ಕಿನ ಪಟ್ಟಿ. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಟ್ರಕ್ಕುಗಳು ಷೆವ್ರೊಲೆಯವೇ. ಹೀಗಾಗಿ ಇಂದಿಗೂ ಅಲ್ಲಿನ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಅವು ಸಿಗುತ್ತವೆ. ಅವುಗಳ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುವವರೂ ಇದ್ದಾರೆ. ನೋಡುವುದಕ್ಕೆ ಚೆಂದ, ಕೆಲಸಕ್ಕೆ ಗಟ್ಟಿ. ಹಾಗಿದ್ದರೆ ಎಂಜಿನನ್ನು ಏಕೆ ಬದಲಿಸಬೇಕು?

ಮೂಲ ಎಂಜಿನು ಆರು ಸಿಲಿಂಡರಿನದು. ಗಾತ್ರ ೨೧೬ ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಲೀಟರು. ಅಶ್ವಶಕ್ತಿ ೯೦. ಅದರ ಕನೆಕ್ಟಿಂಗ್ ರಾಡುಗಳ ತುದಿಗೆ ಪುಟ್ಟ ಸೌಟಿನಂತಹ ಒಂದು ಭಾಗವಿರುತ್ತದೆ. ಎಂಜಿನು ತಿರುಗುವಾಗ ಆ ಸೌಟು ಕೆಳಗಿನ ಎಣ್ಣೆಯಲ್ಲಿ ಅದ್ದಿ, ತನಗೆ ಬೇಕಾದ ಎಣ್ಣೆಯನ್ನು ತಾನೇ ಮೊಗೆದುಕೊಳ್ಳುತ್ತದೆ. ಅಲ್ಲಿಯ ಬೇರಿಂಗಾದರೂ ಮೆತ್ತನೆಯ ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ದು ಮಾಡಿದ್ದು. ನಿಧಾನವಾಗಿ ದುಡಿಯುವವರೆಗೆ ಈ ಏರ್ಪಾಡು ವರ್ಷಗಟ್ಟಲೆ ಬಾಳುತ್ತದೆ. ಒಂದೇ ಸಮನೆ ವೇಗವಾಗಿ ಓಡಿಸಿದರೆ ಬೇರಿಂಗು ಸವೆಯುತ್ತದೆ. ಹಿಂದಿನ ಅಚ್ಚಿನ ಹಲ್ಲುಗಾಲಿಗಳ ಅನುಪಾತವೂ ಹೊರೆ ಎಳೆಯುವುದಕ್ಕೆ ಒಪ್ಪುವಂತಹದು, ಓಟಕ್ಕಲ್ಲ. ಗಂಟೆಗೆ ಎಂಬತ್ತು ಕಿಲೋಮೀಟರಿನ ಸುಮಾರಿಗೆ ಬಂಡಿಗೆ ಏದುಸಿರು ಬರುತ್ತದೆ. ಅದನ್ನು ಮಾಡಿದವರ ತಪ್ಪೇನೂ ಇಲ್ಲ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳನ್ನು ಕಟ್ಟುವ ಕಾನೂನು ಬಂದದ್ದೇ ೧೯೫೬ರಲ್ಲಿ. ಹೊಲದಿಂದ ಪೇಟೆಗೆ, ಪೇಟೆಯಿಂದ ಹೊಲಕ್ಕೆ ಹೋಗಿಬರುವ ಕಾಯಕಕ್ಕೆ ಹುಟ್ಟಿದ ಬಂಡಿಯನ್ನು ಇಂದಿನ ಹೆದ್ದಾರಿಗೆ ತಂದು ನಿಲ್ಲಿಸಿದರೆ ಹಿಂದಿನಿಂದ ಬರುವ ಲಾರಿಗಳೇ ಅದಕ್ಕೆ ಅಪಾಯ.

ಆದುದರಿಂದ ಹೊಸ ಎಂಜಿನಿನ ಹುಡುಕಾಟ. ಜನರಲ್ ಮೋಟಾರ್ಸ್ ಸಂಸ್ಥೆ ೧೯೯೭ರ ಮಾದರಿಯ ಕಾರ್ವೆಟ್ ಕಾರಿನೊಡನೆ ಎಲ್‌ಎಸ್ ಎಂಬ ಎಂಜಿನು ವಂಶವನ್ನು ಹೊರತಂದಿತು. ಎಂಟು ಸಿಲಿಂಡರು, ೫.೭ ಲೀಟರು, ೩೪೫ ಅಶ್ವಶಕ್ತಿ. ಎರಡು ವರ್ಷಗಳ ತರುವಾಯ ಅದೇ ವಂಶದ ಎರಕದ ಕಬ್ಬಿಣದ ಎಂಜಿನುಗಳು ಆ ಸಂಸ್ಥೆಯ ಟ್ರಕ್ಕುಗಳಿಗೂ ಬಂದವು. ಅವುಗಳಲ್ಲಿ ೫.೩ ಲೀಟರಿನದು ಮೊದಲಲ್ಲಿ ೨೭೦ ಅಶ್ವಶಕ್ತಿಯದಾಗಿತ್ತು. ಅಪಘಾತದಲ್ಲಿ ಜಜ್ಜಿಹೋದ ಟ್ರಕ್ಕುಗಳಿಂದ ಕಳಚಿದ ಈ ಎಂಜಿನುಗಳು ಅಲ್ಲಿನ ಗುಜರಿ ಅಂಗಳಗಳಲ್ಲಿ ದೊರೆಯುತ್ತವೆ. ಇವುಗಳ ಕ್ಯಾಮ್‌ಷಾಫ್ಟು ಸಿಲಿಂಡರುಗಳ ತಲೆಯ ಮೇಲಿರದೆ ಎಂಜಿನಿನ ಹೊಟ್ಟೆಯೊಳಗೇ ಇರುವುದರಿಂದ ಶಕ್ತಿಗೆ ಹೋಲಿಸಿದರೆ ಮೈ ಸಣ್ಣದು. ಹಳೆಯ ಬಾನೆಟ್ಟಿನಡಿ ಹಿಡಿಸುತ್ತದೆ. ಗುಜರಿಯಿಂದ ತಂದ ಎಂಜಿನಿನಿಂದ ಗುಜರಿಗೆ ಹೋಗಬೇಕಾಗಿದ್ದ ಬಂಡಿಗೆ ಜೀವ ಬರುವುದು ನಮಗಂತೂ ಬಹಳ ಮೆಚ್ಚುಗೆಯಾದ ಸಂಗತಿ.

ಆದರೆ ಕೆಲಸ ಇಲ್ಲಿಗೆ ಮುಗಿಯಿತೆಂದು ತಿಳಿಯುವವರು ಮೋಸಹೋಗುತ್ತಾರೆ. ಒಂದು ಭಾಗವನ್ನು ಬದಲಿಸಿದೊಡನೆ ಪಕ್ಕದ ಭಾಗ ಬಾಯಿ ತೆರೆಯುತ್ತದೆ. ಹಳೆಯ ಟ್ರಕ್ಕಿನಲ್ಲಿ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಹೋಗುವ ತಿರುಗುದಂಡವು ಒಂದು ಕೊಳವೆಯೊಳಗೆ ಮುಚ್ಚಿರುತ್ತದೆ. ಹೊಸ ಗೇರುಪೆಟ್ಟಿಗೆಗೆ ಅದು ಹೊಂದುವುದಿಲ್ಲ. ಆದುದರಿಂದ ಹಿಂದಿನ ಅಚ್ಚನ್ನೇ ಬದಲಿಸಬೇಕು. ವಿದ್ಯುತ್ ವ್ಯವಸ್ಥೆ ಆರು ವೋಲ್ಟಿನದು, ಹೊಸ ಎಂಜಿನಿನ ಗಣಕಕ್ಕೆ ಹನ್ನೆರಡು ವೋಲ್ಟು ಬೇಕು. ಇಡೀ ಬಂಡಿಯ ತಂತಿಗಳನ್ನು ಕಿತ್ತು ಹೊಸದಾಗಿ ಎಳೆಯಬೇಕು. ಹಳೆಯ ರೇಡಿಯೇಟರು ಮೂರು ಪಟ್ಟು ಶಕ್ತಿಯ ಬಿಸಿಯನ್ನು ತಾಳಲಾರದು. ಎಂಜಿನಿನ ಕೆಳಗಿನ ಎಣ್ಣೆಬೋಗುಣಿ ಮುಂದಿನ ಅಡ್ಡತೊಲೆಗೆ ತಾಗುತ್ತದೆ. ಹೀಗೆ ಒಂದರ ಹಿಂದೊಂದು.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದುದು ಬ್ರೇಕು. ಓಡುವ ವಸ್ತುವಿನಲ್ಲಿ ಅಡಗಿರುವ ಶಕ್ತಿಯು ವೇಗದಷ್ಟೇ ಪಾಲು ಏರುವುದಿಲ್ಲ, ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರಿನಲ್ಲಿ ಹೋಗುತ್ತಿದ್ದ ಬಂಡಿ ನೂರಿಪ್ಪತ್ತರಲ್ಲಿ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ೩೧೦೦ಕ್ಕೆ ಇದ್ದುದು ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ನಾಲ್ಕಕ್ಕೂ ಸೇರಿ ಒಂದೇ ಎಣ್ಣೆಯ ಮಾರ್ಗ. ಎಲ್ಲಾದರೂ ಒಂದು ಕಡೆ ಕೊಳವೆ ಸೋರಿತೆಂದರೆ ನಾಲ್ಕೂ ಗಾಲಿಗಳ ಬ್ರೇಕು ಒಟ್ಟಿಗೇ ಹೋಯಿತು. ಮುಂದಿನ ಗಾಲಿಗಳಿಗೆ ಬೇರೆ, ಹಿಂದಿನವುಗಳಿಗೆ ಬೇರೆ ಎಂದು ಎರಡು ಮಾರ್ಗಗಳನ್ನು ಇಡುವ ಪದ್ಧತಿ ಅಮೆರಿಕದ ಕಾರುಗಳಲ್ಲಿ ಸಾರ್ವತ್ರಿಕವಾದದ್ದು ೧೯೬೭ರ ಸುಮಾರಿಗೆ. ಆದಕಾರಣ ಬಲ್ಲ ಮೇಸ್ತ್ರಿಗಳು ಎಂಜಿನಿಗೆ ಕೈಹಾಕುವ ಮೊದಲೇ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು, ಎರಡು ಮಾರ್ಗಗಳ ಮಾಸ್ಟರ್ ಸಿಲಿಂಡರು ಇವನ್ನು ಜೋಡಿಸುತ್ತಾರೆ. ಮುಂಭಾಗದ ಗಡುಸು ತೊಲೆ ಅಚ್ಚನ್ನು ತೆಗೆದು, ಎರಡು ಗಾಲಿಗಳೂ ಬೇರೆ ಬೇರೆಯಾಗಿ ಏರಿಳಿಯುವ ಏರ್ಪಾಡನ್ನು ಕೂರಿಸುವುದೂ ವಾಡಿಕೆ. ಅದಕ್ಕೆ ೧೯೭೪ರಿಂದ ೧೯೭೮ರವರೆಗೆ ಬಂದ ಮಸ್ಟಾಂಗ್-೨ ಕಾರಿನ ಮಾದರಿಯನ್ನೇ ಹೆಚ್ಚಿನವರು ಅನುಸರಿಸುತ್ತಾರೆ. ಫೋರ್ಡ್ ಕಾರಿನ ಅಂಗ ಷೆವ್ರೊಲೆ ಟ್ರಕ್ಕಿನ ಮೈಯಲ್ಲಿ! ಕಂಪನಿಗಳ ಹಳೆಯ ಸ್ಪರ್ಧೆ ಗ್ಯಾರೇಜಿನೊಳಗೆ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಬೆಚ್ಚಿಬೀಳಿಸಿತು. ೧೯೪೯ರಿಂದ ಈಚಿನ ಈ ಟ್ರಕ್ಕುಗಳಲ್ಲಿ ಪೆಟ್ರೋಲ್ ಟ್ಯಾಂಕು ಇದ್ದದ್ದು ಕೂರುವ ಕೋಣೆಯೊಳಗೆ, ಸೀಟಿನ ಬೆನ್ನಿಗೆ ಹತ್ತಿಕೊಂಡು. ಗಂಡ, ಹೆಂಡತಿ, ನಡುವೆ ಮಗು ಕುಳಿತು ಸಂತೆಗೆ ಹೋಗುವಾಗ ಬೆನ್ನ ಹಿಂದೆ ಪೆಟ್ರೋಲು. ಸೀಟುಪಟ್ಟಿ ಇಲ್ಲ. ಸ್ಟಿಯರಿಂಗಿನ ದಂಡ ಒಂದೇ ಉಕ್ಕಿನ ಸಲಾಕೆ. ಮುಂದಿನಿಂದ ಪೆಟ್ಟು ಬಿದ್ದರೆ ಅದು ಮಡಚಿಕೊಳ್ಳದೆ ನೇರವಾಗಿ ಎದೆಯ ಕಡೆಗೆ ಬರುವಂತಹದು. ಹಳೆಯ ಕಾಲದ ಗಟ್ಟಿತನವನ್ನು ಹೊಗಳುವಾಗ ನಾವು ಮರೆಯುವ ಮಾತಿದು: ತಗಡು ದಪ್ಪವಾಗಿತ್ತು, ನಿಜ, ಒಳಗೆ ಕುಳಿತವನ ವಿಚಾರವನ್ನು ಮಾತ್ರ ಯಾರೂ ಹೆಚ್ಚಾಗಿ ಮಾಡಿರಲಿಲ್ಲ. ಹೊಸ ಎಂಜಿನಿಗೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸಿ ಕೊಡಬೇಕಾಗುವುದರಿಂದ ಟ್ಯಾಂಕಿನ ಪಂಪನ್ನೂ ಕೊಳವೆಗಳನ್ನೂ ಹೇಗಿದ್ದರೂ ಬದಲಿಸಬೇಕು. ಆ ನೆಪದಲ್ಲಿ ಟ್ಯಾಂಕನ್ನು ಹೊರಗೆ ಸರಕುತೊಟ್ಟಿಯ ಅಡಿಗೆ ಸಾಗಿಸುತ್ತಾರೆ, ಮಡಚಿಕೊಳ್ಳುವ ಸ್ಟಿಯರಿಂಗ್ ದಂಡವನ್ನೂ ಸೀಟುಪಟ್ಟಿಗಳನ್ನೂ ಹಾಕುತ್ತಾರೆ. ಇಡೀ ಕೆಲಸದಲ್ಲಿ ಹೊರಗಿನವರ ಕಣ್ಣಿಗೆ ಕಾಣದ ಭಾಗ ಇದೇ. ಮನೆಯವರಿಗೆ ಉಪಕಾರವಾಗುವ ಭಾಗವೂ ಇದೇ.

ಹಾಗಾದರೆ ಉಳಿದದ್ದೇನು? ಮೈ, ಮುಖ, ಬಾಗಿಲುಗಳು, ಮರದ ಹಲಗೆಗಳು. ಮೈಯೆಂದರೂ ಮೆಟ್ಟಿಲುಹಲಗೆ, ಕೋಣೆಯ ಕೆಳಮೂಲೆಗಳು, ಕಾಲಿಡುವ ನೆಲ ಇವು ತುಕ್ಕು ಹಿಡಿದು ಹೋಗಿರುತ್ತವೆ. ಟಿಂಕರಿಂಗಿನವರು ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ಇಲ್ಲಿಯೇ ಎರಡು ಪಂಗಡಗಳ ವಾದ ಹುಟ್ಟುವುದು. ಮೂಲ ಎಂಜಿನು, ಮೂಲ ಬಣ್ಣ, ಮೂಲ ಬೋಲ್ಟು ಇವಿಲ್ಲದೆ ಅದು ಆ ವಾಹನವೇ ಅಲ್ಲ ಎಂಬುದು ಒಂದು ಪಕ್ಷ. ಓಡದೆ ನಿಂತ ವಾಹನ ವಾಹನವೇ ಅಲ್ಲ ಎಂಬುದು ಇನ್ನೊಂದು. ವಸ್ತುಸಂಗ್ರಹಾಲಯದ ದೃಷ್ಟಿಯಿಂದ ಮೊದಲನೆಯವರ ಮಾತೇ ಸರಿ. ೨೦೨೩ರಲ್ಲಿ ಶ್ರೀರಂಗಪಟ್ಟಣದ ಸಮೀಪ ತೆರೆದ ‘ಪಯಣ’ ಕಾರು ಸಂಗ್ರಹಾಲಯವನ್ನು ನೋಡಿ ಬರುವ ಮಕ್ಕಳಿಗೆ ಆಯಾ ಕಾಲದ ಯಂತ್ರ ಹೇಗಿತ್ತೆಂಬುದು ತಿಳಿಯಬೇಕಾದರೆ ಅದು ಮೂಲರೂಪದಲ್ಲಿಯೇ ಇರಬೇಕು. ಅಪರೂಪದ, ಎಣಿಕೆಗೆ ಸಿಗುವಷ್ಟೇ ಉಳಿದಿರುವ ವಾಹನದ ಎಂಜಿನನ್ನು ಕಿತ್ತೊಗೆಯುವುದು ಹಳೆಯ ಓಲೆಗರಿಯನ್ನು ಒಲೆಗೆ ಹಾಕಿದಂತೆಯೇ ಸರಿ. ಆದರೆ ಸಾವಿರಗಟ್ಟಲೆ ಉಳಿದಿರುವ, ಹೊಲದ ಅಂಚಿನಲ್ಲಿ ಕೊಳೆಯುತ್ತಿರುವ ಟ್ರಕ್ಕಿಗೆ ಈ ಕಟ್ಟುನಿಟ್ಟು ಏಕೆಂಬುದು ನಮಗೆ ತಿಳಿಯದು. ಕೆಲವರು ಹಳೆಯ ಬಣ್ಣವನ್ನು ಕೆರೆಯದೆ, ಬಾಗಿಲಿನ ಮೇಲೆ ಮಾಸಿಹೋದ ಅಂಗಡಿಯ ಹೆಸರನ್ನೋ ಹೊಲದ ಹೆಸರನ್ನೋ ಅಳಿಸದೆ, ಒಳಗಿನದನ್ನು ಮಾತ್ರ ಹೊಸದು ಮಾಡುತ್ತಾರೆ. ಥಳಥಳಿಸುವ ಹೊಸ ಬಣ್ಣಕ್ಕಿಂತ ನಮಗೆ ಇದು ಹೆಚ್ಚು ಹಿಡಿಸುತ್ತದೆ.

ಈಗ ಎಂಜಿನೇ ಬೇಡವೆನ್ನುವ ಕಾಲವೂ ಬಂದಿದೆ. ೨೦೨೧ರ ನವೆಂಬರಿನಲ್ಲಿ ಫೋರ್ಡ್ ಕಂಪನಿ ೧೯೭೮ರ ತನ್ನದೇ ಎಫ್-೧೦೦ ಟ್ರಕ್ಕಿಗೆ ಎರಡು ವಿದ್ಯುತ್ ಮೋಟಾರುಗಳನ್ನು ಅಳವಡಿಸಿ ಪ್ರದರ್ಶನಕ್ಕಿಟ್ಟಿತು. ಶಕ್ತಿ ೪೮೦ ಅಶ್ವಶಕ್ತಿ. ಹೊಗೆಯಿಲ್ಲ, ಸದ್ದಿಲ್ಲ. ಸದ್ದಿಲ್ಲದ ಹಳೆಯ ಟ್ರಕ್ಕನ್ನು ಒಪ್ಪಿಕೊಳ್ಳುವುದಕ್ಕೆ ಅಲ್ಲಿನ ಹಿರಿಯರಿಗೆ ಇನ್ನೂ ಸ್ವಲ್ಪ ಕಾಲ ಬೇಕಾದೀತು.

ಇನ್ನು ನಮ್ಮ ನಾಡಿನ ವಿಚಾರ. ಪೆಟ್ರೋಲಿನ ಬೆಲೆ ಏರಿದ ಕಾಲದಲ್ಲಿ ನಮ್ಮಲ್ಲಿಯೂ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನು ಕೂರಿಸಿದವರು ಅನೇಕರು. ಅವರ ಉದ್ದೇಶ ವೇಗವಾಗಿರಲಿಲ್ಲ, ಉಳಿತಾಯವಾಗಿತ್ತು. ಭಾರವಾದ ಎಂಜಿನು ಬಂದರೂ ಬ್ರೇಕು ಮಾತ್ರ ಮೊದಲಿನದೇ ಆಗಿದ್ದರೆ ಘಟ್ಟದ ಇಳಿಜಾರಿನಲ್ಲಿ ಅದರ ಬೆಲೆ ಏನೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಈಗಂತೂ ಕಾನೂನು ಬಿಗಿಯಾಗಿದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಕಾನೂನು ಒಪ್ಪದ ಮಾರ್ಪಾಟು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿಯೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ. ಅನಿಲ ಇಂಧನದಂತಹ ಅನುಮೋದಿತ ಕಿಟ್ಟುಗಳಿಗೆ ಮಾತ್ರ ಬಾಗಿಲು ತೆರೆದಿದೆ.

೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ಬೇರೆ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರಗಳ ವಾಹನಗಳು ವಿಂಟೇಜ್ ಎಂಬ ಮನ್ನಣೆಗೆ ಅರ್ಹ. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ ಎಂದು ಗೊತ್ತುಮಾಡಲಾಯಿತು. ಪ್ರದರ್ಶನ, ರ್‍ಯಾಲಿ, ದುರಸ್ತಿ ಇಂತಹ ಸಂದರ್ಭಗಳಲ್ಲಿ ಅವುಗಳನ್ನು ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೆ ಅಲ್ಲ. ಆದರೆ ಷರತ್ತೊಂದಿದೆ. ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್, ಮೈ, ಎಂಜಿನು ಇವುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದು. ಅಂದರೆ ಅಮೆರಿಕದಲ್ಲಿ ಯಾವ ಕೆಲಸದಿಂದ ಹಳೆಯ ಟ್ರಕ್ಕು ರಸ್ತೆಗೆ ಮರಳುತ್ತದೆಯೋ ಅದೇ ಕೆಲಸದಿಂದ ನಮ್ಮಲ್ಲಿ ಹಳೆಯ ಜೀಪು ಈ ಮನ್ನಣೆಯನ್ನು ಕಳೆದುಕೊಳ್ಳುತ್ತದೆ.

ಆದುದರಿಂದ ಹಿರಿಯರ ಜೀಪನ್ನು ಉಳಿಸಿಕೊಳ್ಳಬೇಕೆಂಬ ಬಂಧುಗಳು ಗ್ಯಾರೇಜಿಗೆ ಹೋಗುವ ಮೊದಲು ನೋಂದಣಿ ಪತ್ರವನ್ನು ತೆಗೆದು, ಅದರಲ್ಲಿರುವ ಎಂಜಿನು ಸಂಖ್ಯೆಯನ್ನೂ ಜೀಪಿನ ಎಂಜಿನಿನ ಮೇಲೆ ಕೆತ್ತಿರುವ ಸಂಖ್ಯೆಯನ್ನೂ ಹೋಲಿಸಿ ನೋಡಲಿ. ಅವೆರಡೂ ತಾಳೆಯಾಗದಿದ್ದರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಬ್ರೇಕಿನ ಕೊಳವೆಗಳನ್ನೂ ರಬ್ಬರುಗಳನ್ನೂ ಹೊಸದು ಮಾಡಿಸುವುದಕ್ಕೆ ಹಿಂದೆಮುಂದೆ ನೋಡಬೇಕಾಗಿಲ್ಲ. ಕೆಟ್ಟ ಮೂಲ ಎಂಜಿನನ್ನು ಮಾತ್ರ ಯಾರು ಎಷ್ಟು ಕೊಡುತ್ತೇವೆಂದರೂ ತೂಕಕ್ಕೆ ಹಾಕಬಾರದು. ಅಮೆರಿಕದ ಟ್ರಕ್ಕುಪ್ರಿಯರಲ್ಲಿ ವಿವೇಕಿಗಳಾದವರು ಹೊಸ ಎಂಜಿನು ಹಾಕಿದ ಮೇಲೂ ಹಳೆಯದಕ್ಕೆ ಎಣ್ಣೆ ಸವರಿ, ಗೋಣಿಯಲ್ಲೋ ಟಾರ್ಪಾಲಿನಲ್ಲೋ ಸುತ್ತಿ, ಕೊಟ್ಟಿಗೆಯ ಮೂಲೆಯಲ್ಲಿ ಜೋಪಾನವಾಗಿ ಇಡುತ್ತಾರೆ. ಚಾಸಿಸನ್ನು ಕತ್ತರಿಸದೆ ಬೋಲ್ಟುಗಳಿಂದಲೇ ಹೊಸದನ್ನು ಕೂರಿಸುತ್ತಾರೆ. ಮೊಮ್ಮಕ್ಕಳಲ್ಲಿ ಯಾರಿಗಾದರೂ ಮೂಲದ್ದೇ ಬೇಕೆನಿಸಿದರೆ ಬೋಲ್ಟು ಬಿಚ್ಚಿ ಮತ್ತೆ ಅದನ್ನೇ ಇಳಿಸಬಹುದು.