ಸೊಪ್ಪಿನ ಪಲ್ಯಕ್ಕೆ ಅರ್ಧ ಹೋಳು ನಿಂಬೆ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋದ ಗೃಹಿಣಿ ಹಣ್ಣಿನ ಸಾಲು ದಾಟಿ ಬರಿಗೈಲಿ ಮನೆಗೆ ಬರುವುದುಂಟೇ? 1927ರಷ್ಟು ಹಳೆಯದಾದ ಈ ಮಾರುಕಟ್ಟೆಯಲ್ಲಿ ಕಿತ್ತಳೆ, ಮೂಸಂಬಿ, ನಿಂಬೆ, ಕಾಲ ಬಂದಾಗ ದೇವನಹಳ್ಳಿಯ ಚಕ್ಕೋತ ಎಲ್ಲವೂ ಕಣ್ಣು ಸೆಳೆಯುತ್ತವೆ. ಹಲಸೂರಿನ ತಳ್ಳುಗಾಡಿಯವರೂ, ಕೆ.ಆರ್.ಪುರಂನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯೂ "ತೊಗೊಳ್ಳಮ್ಮಾ, ರಸ ಜಾಸ್ತಿ" ಎನ್ನುವವರೇ. ಹುಳಿಹಣ್ಣು ಒಳ್ಳೆಯದೆಂದು ನಮಗೆಲ್ಲ ಗೊತ್ತು. ಆದರೆ ಯಾವಾಗ, ಯಾವುದರ ಜೊತೆ ತಿಂದರೆ ಹೆಚ್ಚು ಉಪಯೋಗ ಎಂಬುದನ್ನು ಯೋಚಿಸಿದ್ದೀರಾ?

ಈ ಹಣ್ಣುಗಳ ಮುಖ್ಯ ಗುಣ 'ಸಿ' ಜೀವಸತ್ವ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ವಸಡಿನಿಂದ ರಕ್ತ ಸುರಿಯುತ್ತಿದ್ದ ನಾವಿಕರಿಗೆ ಕಿತ್ತಳೆ, ನಿಂಬೆ ತಿನ್ನಿಸಿ ಗುಣಪಡಿಸಿದರು. ಆ ರೋಗಕ್ಕೆ ಕಾರಣ 'ಸಿ' ಜೀವಸತ್ವದ ಕೊರತೆ ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ 'ಸಿ' ಜೀವಸತ್ವ ಬೇಕು. ಬಸುರಿಗೆ 80, ಹಾಲೂಡಿಸುವ ತಾಯಿಗೆ 115. ಎರಡು ಕಿತ್ತಳೆ ತಿಂದರೆ ನಿಮ್ಮ ದಿನದ ಪಾಲು ಹೆಚ್ಚುಕಡಿಮೆ ಸಿಕ್ಕಂತೆಯೇ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸ ಮುಗಿಯುವ ಮುಂಚೆಯೇ ಸುಸ್ತು. "ವಯಸ್ಸಾಯ್ತು, ಬಿಡಿ" ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ನಾವು ಸೊಪ್ಪು, ಕಾಳು, ರಾಗಿ ತಿನ್ನುವವರೇ ಅಲ್ಲವೇ, ಕಬ್ಬಿಣದ ಅಂಶ ಎಲ್ಲಿ ಹೋಯಿತು ಎಂದರೆ, ಸೊಪ್ಪು-ಧಾನ್ಯಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ 'ಸಿ' ಜೀವಸತ್ವವೂ ಇದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ಬೆಳಿಗ್ಗೆ ಕುಡಿದ ನಿಂಬೆ ಶರಬತ್ತು ಮಧ್ಯಾಹ್ನದ ಸೊಪ್ಪಿಗೆ ನೆರವಾಗದು. ಎರಡೂ ಒಂದೇ ತಟ್ಟೆಯಲ್ಲಿರಬೇಕು.

ಅದಕ್ಕೊಂದು ಸುಲಭ ಪಲ್ಯ. ಎರಡು ಹಿಡಿ ನುಗ್ಗೆಸೊಪ್ಪನ್ನು ಬಿಡಿಸಿ ತೊಳೆಯಿರಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಎರಡು ಒಣಮೆಣಸಿನಕಾಯಿ, ಒಂದು ಹೆಚ್ಚಿದ ಈರುಳ್ಳಿಯ ಒಗ್ಗರಣೆ ಹಾಕಿ. ಸೊಪ್ಪು ಬಾಡಿಸಿ, ಅರ್ಧ ಬಟ್ಟಲು ಬೇಯಿಸಿದ ಹೆಸರುಬೇಳೆ, ಉಪ್ಪು, ಸ್ವಲ್ಪ ತೆಂಗಿನ ತುರಿ ಸೇರಿಸಿ ಇಳಿಸಿ. ಬಿಸಿ ಆರಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ಒಲೆಯ ಮೇಲಿರುವಾಗಲೇ ಹಿಂಡಿದರೆ 'ಸಿ' ಜೀವಸತ್ವ ಬಿಸಿಗೆ ಹಾಳಾಗುತ್ತದೆ. ಚಿತ್ರಾನ್ನಕ್ಕೂ, ಹೇರಳೆಕಾಯಿ ಚಿತ್ರಾನ್ನಕ್ಕೂ ಇದೇ ಮಾತು.

ಊಟವಾದ ಕೂಡಲೇ ಕಾಫಿ, ಟೀ ಬೇಡ. ಅವು ಕಬ್ಬಿಣವನ್ನು ಹೀರಿಕೊಳ್ಳದಂತೆ ತಡೆಯುತ್ತವೆ. ಒಂದು ಗಂಟೆಯಾದರೂ ಬಿಡಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಕಾಫಿಯ ಜೊತೆ ನುಂಗದೆ ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ರಸ ಇಡಬೇಡಿ. ಉಪ್ಪಿನಕಾಯಿ ತಾಜಾ ನಿಂಬೆಗೆ ಸಾಟಿಯಲ್ಲ. ಅದರಲ್ಲಿ ಉಪ್ಪೇ ಹೆಚ್ಚು. ಇಂದಿರಾನಗರದ ಅಂಗಡಿಯಲ್ಲಿ ಸಕ್ಕರೆ ಹಾಕಿದ ಜ್ಯೂಸ್ ಕುಡಿಯುವುದಕ್ಕಿಂತ ತೊಳೆ ಬಿಡಿಸಿ ತಿನ್ನುವುದು ಮೇಲು. ನಾರೂ ಸಿಗುತ್ತದೆ, ಸಕ್ಕರೆ ಕಾಯಿಲೆಯವರಿಗೂ ಅದೇ ವಾಸಿ.

ನಮ್ಮ ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹೆಮ್ಮೆಯ ಹಣ್ಣು. 'ಸಿ' ಜೀವಸತ್ವವೂ ಧಾರಾಳ. ಆದರೆ ಒಂದು ಎಚ್ಚರ. ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಭಾವವನ್ನು ಚಕ್ಕೋತ ಹೆಚ್ಚಿಸಬಲ್ಲದು. ಮನೆಯಲ್ಲಿ ಅತ್ತೆ, ಮಾವ ಇಂಥ ಮಾತ್ರೆ ನುಂಗುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಹಣ್ಣು ಬಿಡಿಸಿಕೊಡಿ.

"ಬೇಸಿಗೆಯಲ್ಲಿ ನಿಂಬೆ ಕೈಗೆ ಎಟುಕದಷ್ಟು ದುಬಾರಿಯಾಗುತ್ತಲ್ಲ?" ಎನ್ನುವಿರಾ? ಸೀಬೆಹಣ್ಣಿದೆ, ನೆಲ್ಲಿಕಾಯಿ ಇದೆ. ಎರಡರಲ್ಲೂ ಕಿತ್ತಳೆಗಿಂತ ಹೆಚ್ಚು 'ಸಿ' ಜೀವಸತ್ವ. ಸುಸ್ತು ಬಹಳ ದಿನ ಕಾಡಿದರೆ ಮಾತ್ರ ನಿಂಬೆಯನ್ನೇ ನಂಬಿ ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಮತ್ತೆ, ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಸೋದರಿಯರೇ, ಆ ಅರ್ಧ ಹೋಳನ್ನು ನಿಮ್ಮ ತಟ್ಟೆಗೂ ಎತ್ತಿಟ್ಟುಕೊಳ್ಳಿ.